ಡ್ರಾವರಿನಲ್ಲಿ ಕೂತ ಲಿಥಿಯಂ ಬ್ಯಾಟರಿ: ಗುಜರಿಗೋ, ಪಂಚಾಯತ ಗಾಡಿಗೋ, ಹುಬ್ಬಳ್ಳಿಗೋ?

ದೀಪಾವಳಿಗೆ ಮನೆ ಗುಡಿಸುವ ಹೊತ್ತಿಗೆ ಈ ಪ್ರಶ್ನೆ ತಪ್ಪದೇ ಬರುತ್ತದೆ. ಶಿರಸಿ ಹತ್ತಿರದ ಹಳ್ಳಿಯವರೊಬ್ಬರು ಕೇಳಿದರು: "ಎರಡು ಹಳೇ ಮೊಬೈಲು, ಉಬ್ಬಿದ ಪವರ್ ಬ್ಯಾಂಕು ಒಂದು, ಟಾರ್ಚು ನಾಲ್ಕು. ಗುಜರಿಗೆ ಕೊಡಲಾ, ಪಂಚಾಯತ ಗಾಡಿಗೆ ಹಾಕಲಾ?" ಕಾರವಾರದ ಬೈತಖೋಲ ಕಡೆಯವರದ್ದು ಬೇರೆ ಕತೆ. ದೋಣಿಯಲ್ಲಿ ಕಟ್ಟಿಕೊಳ್ಳುವ ತಲೆದೀಪ ಉಪ್ಪುನೀರು ಕುಡಿದಿದೆ, ಇನ್ನು ಏನು ಮಾಡಬೇಕು? ಕುಮಟಾದ ಹೋಮ್‌ಸ್ಟೇ ನಡೆಸುವವರಿಗೆ ಅತಿಥಿಗಳು ಬಿಟ್ಟುಹೋದ ಇಯರ್‌ಫೋನ್ ಡಬ್ಬಿ, ಪವರ್ ಬ್ಯಾಂಕುಗಳದ್ದೇ ಒಂದು ಬುಟ್ಟಿ.

ಮೂವರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ. ಬೆಂಗಳೂರಿನವರಾದರೆ ಹತ್ತಿರದ ಇ-ಕಸದ ಡಬ್ಬ ತೋರಿಸಿ ಮುಗಿಸಬಹುದಿತ್ತು. ನಮ್ಮಲ್ಲಿ ಘಟ್ಟ ಇದೆ, ಮಳೆ ಇದೆ, ದೂರ ಇದೆ. ಅದಕ್ಕಿಂತ ಮುಖ್ಯ, ಬಚ್ಚಲ ಒಲೆ ಇದೆ.

ನಗಬೇಡಿ. ನಮ್ಮ ಮನೆಯಲ್ಲೇ ಆಗಿದ್ದು ಇದು. ಹಾಳೆ, ಅಡಕೆ ಸಿಪ್ಪೆ, ಹಳೇ ಪೇಪರ್ ಎಲ್ಲಾ ಒಲೆಗೆ ಹೋಗುವ ರೂಢಿ. ಒಂದು ದಿನ ಕಸದ ಜೊತೆ ಟಾರ್ಚಿನ ಸೆಲ್ ಕೂಡ ಹೋಯಿತು. ಎರಡು ನಿಮಿಷಕ್ಕೆ ಗರ್ನಾಲು ಹೊಡೆದ ಸದ್ದು. ಕೆಂಡವೆಲ್ಲ ಬಚ್ಚಲ ತುಂಬಾ. ಯಾರೂ ಒಲೆ ಮುಂದೆ ಕೂತಿರಲಿಲ್ಲ, ಅಷ್ಟೇ ಪುಣ್ಯ. ಆಮೇಲೆ ನಾನು ಈ ವಿಷಯ ಸ್ವಲ್ಪ ತಲೆಗೆ ಹಚ್ಚಿಕೊಂಡೆ.

ಮೊದಲು, ಕೈಯಲ್ಲಿರುವುದು ಲಿಥಿಯಂ ಹೌದೋ ಅಲ್ಲವೋ

ಸುಮಾರು ಜನ ಇಲ್ಲೇ ಎಡವುತ್ತಾರೆ. ಸೊಳ್ಳೆ ಬ್ಯಾಟು ನಮ್ಮ ಕರಾವಳಿಯ ಪ್ರತಿ ಮನೆಯಲ್ಲೂ ಇದೆ ಅಲ್ವಾ? ಅಗ್ಗದ ಬ್ಯಾಟುಗಳಲ್ಲಿ ಹೆಚ್ಚಿನವುಗಳ ಒಳಗೆ ಇರುವುದು 4 ವೋಲ್ಟಿನ ಪುಟ್ಟ ಸೀಸದ ಬ್ಯಾಟರಿ. ಹಳೇ ರೀಚಾರ್ಜ್ ಟಾರ್ಚು, ಎಮರ್ಜೆನ್ಸಿ ಲೈಟುಗಳಲ್ಲೂ ಅದೇ ಜಾಸ್ತಿ. ಮೈಮೇಲೆ 3.7 ವೋಲ್ಟ್ ಅಂತಲೋ, ಇಂಗ್ಲಿಷಿನಲ್ಲಿ ಲಿ-ಅಯಾನ್, ಲಿ-ಪಾಲಿಮರ್ ಅಂತಲೋ ಇದ್ದರೆ ಲಿಥಿಯಂ. 3.2 ವೋಲ್ಟ್ ಇದ್ದರೆ ಲಿಥಿಯಂ ಕಬ್ಬಿಣ ಫಾಸ್ಫೇಟ್. ಹೊಸ ಸೋಲಾರ್ ದೀಪ, ಹೊಸ ಇನ್ವರ್ಟರುಗಳಲ್ಲಿ ಇದು ಬರುತ್ತದೆ. ಗಡಿಯಾರದ 1.5 ವೋಲ್ಟಿನ ಪೆನ್ಸಿಲ್ ಸೆಲ್ ಸಾಮಾನ್ಯವಾಗಿ ಲಿಥಿಯಂ ಅಲ್ಲ. ಹಳೇ ಇನ್ವರ್ಟರಿನ ದೊಡ್ಡ ಟ್ಯೂಬುಲರ್ ಬ್ಯಾಟರಿ ಸೀಸ-ಆಮ್ಲದ್ದು. ಅದಕ್ಕೆ ಒಳ್ಳೇ ಬೆಲೆ ಇದೆ, ಹೊಸದು ಕೊಳ್ಳುವಾಗ ಅಂಗಡಿಯವರೇ ಹಳೆಯದನ್ನು ಎಕ್ಸ್‌ಚೇಂಜ್‌ಗೆ ತಗೊಳ್ಳುತ್ತಾರೆ. ಆ ಚಿಂತೆ ಇಲ್ಲಿಗೇ ಬಿಡಿ.

ಕಾರಿನ ಕೀಲಿ, ತೂಕದ ಯಂತ್ರಗಳಲ್ಲಿರುವ ಗುಂಡಿಯಂಥ ಸೆಲ್ ಲಿಥಿಯಂನದ್ದೇ, ಆದರೆ ಚಾರ್ಜ್ ಆಗದ ಜಾತಿ. ಅದರಲ್ಲಿ ಬೆಂಕಿಗಿಂತ ದೊಡ್ಡ ಭಯ ಮಕ್ಕಳು ನುಂಗುವುದು. ತೆಗೆದ ಕೂಡಲೇ ಎರಡೂ ಬದಿಗೆ ಟೇಪ್ ಸುತ್ತಿ ಎತ್ತರದಲ್ಲಿಡಿ. ಮಗು ನುಂಗಿದೆ ಅಂತ ಅನುಮಾನ ಬಂದರೂ ಸಾಕು, ತಡ ಮಾಡದೆ ಆಸ್ಪತ್ರೆಗೆ ಓಡಿ.

ಯಾವುದರಿಂದ ತೂಗಬೇಕು

ದಾರಿಗಳನ್ನು ಹೋಲಿಸುವ ಮೊದಲು ನಾನು ನಾಲ್ಕು ಮಾತು ಕೇಳಿಕೊಳ್ಳುತ್ತೇನೆ. ಬ್ಯಾಟರಿಯ ಸ್ಥಿತಿ ಹೇಗಿದೆ? ಎಷ್ಟು ದೂರ, ಯಾವುದರಲ್ಲಿ ಒಯ್ಯಬೇಕು? ಕೊಟ್ಟ ಮೇಲೆ ನಿಜವಾಗಿ ಮರುಬಳಕೆಯ ಕಾರ್ಖಾನೆಗೆ ಹೋಗುತ್ತದೆಯೋ, ನಡುವೆ ಯಾರಾದರೂ ಸುತ್ತಿಗೆಯಿಂದ ಒಡೆಯುತ್ತಾರೋ? ಕೊನೆಗೆ ದುಡ್ಡು ಮತ್ತು ಹೊತ್ತು.

ಇವುಗಳಲ್ಲಿ ಮೊದಲನೆಯದೇ ಉಳಿದ ಮೂರನ್ನೂ ನಿರ್ಧರಿಸುತ್ತದೆ. "ಸತ್ತುಹೋದ" ಬ್ಯಾಟರಿ ಅಂತ ನಾವು ಹೇಳುವುದು ಪೂರ್ತಿ ಸತ್ತಿರುವುದಿಲ್ಲ. ಸೆಲ್‌ನ ಒತ್ತಡ 3 ವೋಲ್ಟಿನ ಆಸುಪಾಸಿಗೆ ಇಳಿದಾಗ ಸಾಧನ ತಾನೇ ಆಫ್ ಆಗುತ್ತದೆ. ಒಳಗೆ ಇನ್ನೂ ಶಕ್ತಿ ಉಳಿದಿರುತ್ತದೆ. ಎರಡು ತುದಿಗೆ ಒಂದು ಕೀಲಿ ಗೊಂಚಲು ತಾಗಿದರೆ ಸಾಕು, ಕಾಯಲು ಶುರು. ಸೆಲ್ ಒಳಗಿನ ಪದರಗಳ ನಡುವೆ ಇರುವುದು ತೆಳ್ಳನೆಯ ಪ್ಲಾಸ್ಟಿಕ್ ಹಾಳೆ. ಅದು ಹರಿದರೆ, ಕರಗಿದರೆ ಒಂದರ ಬಿಸಿ ಇನ್ನೊಂದಕ್ಕೆ ಹಬ್ಬುತ್ತಾ ಹೋಗುತ್ತದೆ. ಒಳಗಿನ ದ್ರವ ಉರಿಯುವಂಥದ್ದು. ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ, ಶ್ವಾಸಕೋಶಕ್ಕೆ ಅದು ವಿಷ. ಬೂದಿ ಮುಚ್ಚಿದ ಕೆಂಡ ಅನ್ನುತ್ತೇವಲ್ಲ, ಹಾಗೆ.

ಹಾಗಾಗಿ ಮೊದಲು ಎರಡು ಗುಂಪು ಮಾಡಿ. ಒಂದು, ಚಾರ್ಜ್ ನಿಲ್ಲದ, ಆದರೆ ಆಕಾರ ಕೆಡದ ಬ್ಯಾಟರಿ. ಇನ್ನೊಂದು, ಉಬ್ಬಿದ, ಜಜ್ಜಿದ, ಸೋರಿದ, ನೀರಲ್ಲಿ ನೆಂದ, ಸುಮ್ನೆ ಇಟ್ಟಲ್ಲೇ ಬಿಸಿಯಾಗುವ, ಪೇಂಟ್ ತಿನ್ನರಿನಂಥ ಸಿಹಿವಾಸನೆ ಬರುವ ಬ್ಯಾಟರಿ. ಮೊದಲ ಗುಂಪಿಗೆ ಹಲವು ದಾರಿ ಇದೆ. ಎರಡನೆಯದಕ್ಕೆ ಒಂದೆರಡೇ.

ಪುರಸಭೆ, ಪಂಚಾಯತ ಗಾಡಿ

ಹತ್ತಿರದ ದಾರಿ ಇದೇ. ಖರ್ಚಿಲ್ಲ, ಮನೆ ಬಾಗಿಲಿಗೇ ಬರುತ್ತದೆ. ಹಳ್ಳಿಗಳಲ್ಲಿ ಸ್ವಚ್ಛವಾಹಿನಿ ಬರುತ್ತದೆ. ಎಷ್ಟೋ ಕಡೆ ಸ್ವಸಹಾಯ ಸಂಘದ ಹೆಂಗಸರೇ ಓಡಿಸುತ್ತಾರೆ, ಕಸ ವಿಂಗಡಿಸುವುದೂ ಅವರೇ. ಅದಕ್ಕೇ ನನಗೆ ಇಲ್ಲಿ ಜಾಸ್ತಿ ಹೆದರಿಕೆ. ಒಣಕಸದ ಚೀಲದೊಳಗೆ ಪವರ್ ಬ್ಯಾಂಕ್ ಅಡಗಿಸಿ ಕೊಟ್ಟರೆ, ಪ್ಲಾಸ್ಟಿಕ್ಕು, ರಟ್ಟುಗಳ ನಡುವೆ ಅದು ಜಜ್ಜಿಹೋಗುತ್ತದೆ. ಬೆಂಕಿ ಹತ್ತುವುದು ಅವರ ಕೈ ಹತ್ತಿರ.

ಆದರೆ ಬೇರೆಯಾಗಿ, ಕೈಯಿಂದ ಕೈಗೆ, "ಇದು ಬ್ಯಾಟರಿ" ಅಂತ ಹೇಳಿ ಕೊಟ್ಟರೆ ಈ ದಾರಿ ಕೆಟ್ಟದ್ದಲ್ಲ. 2016ರ ಘನತ್ಯಾಜ್ಯ ನಿಯಮದಲ್ಲೇ ಬ್ಯಾಟರಿಯಂಥ ಅಪಾಯಕಾರಿ ಮನೆಕಸವನ್ನು ಬೇರೆಯಾಗಿ ಕೊಡಬೇಕು ಅಂತಿತ್ತು. ಗಾಡಿಯವರನ್ನು ಕೇಳಬೇಡಿ, ಬೆಳಗಿನ ಗಡಿಬಿಡಿಯಲ್ಲಿ ಅವರು "ಹಾಕಿ, ಹಾಕಿ" ಅನ್ನುತ್ತಾರೆ. ವಿಂಗಡಣೆ ಘಟಕಕ್ಕೋ, ಪುರಸಭೆಯ ಆರೋಗ್ಯ ವಿಭಾಗಕ್ಕೋ ಒಮ್ಮೆ ಹೋಗಿ ಕೇಳಿ: ಬ್ಯಾಟರಿ ಬೇರೆ ಇಡುತ್ತೀರಾ? ತುಂಬಿದ ಮೇಲೆ ಯಾರಿಗೆ ಕೊಡುತ್ತೀರಿ? ಎರಡನೇ ಪ್ರಶ್ನೆಗೆ ಉತ್ತರ ಇದ್ದರೆ ಕೊಡಿ. ಉತ್ತರ ಇಲ್ಲದಿದ್ದರೆ ವಾಪಸ್ ತನ್ನಿ. ಇದು ಊರಿಂದ ಊರಿಗೆ, ಪಂಚಾಯತದಿಂದ ಪಂಚಾಯತಕ್ಕೆ ಬದಲಾಗುತ್ತದೆ.

ಗುಜರಿ

ಗುಜರಿಯವರನ್ನು ಬೈಯುವವನು ನಾನಲ್ಲ. ನಮ್ಮ ಊರುಗಳಲ್ಲಿ ಕಬ್ಬಿಣ, ತಾಮ್ರ, ರಟ್ಟು ಮರುಬಳಕೆ ಆಗುತ್ತಿರುವುದು ಅವರಿಂದಲೇ. ಆದರೆ ಅವರ ಲೆಕ್ಕ ತೂಕದ್ದು. ಸೀಸಕ್ಕೆ ಬೆಲೆ ಇದೆ, ಸಣ್ಣ ಲಿಥಿಯಂ ಸೆಲ್‌ಗೆ ತಕ್ಕಡಿಯಲ್ಲಿ ಹೆಚ್ಚು ಬೆಲೆ ಇಲ್ಲ. ಕೋಬಾಲ್ಟು, ನಿಕ್ಕಲ್ ಇರುವ ಮೊಬೈಲ್ ಬ್ಯಾಟರಿಗೆ ಮೇಲಿನ ಹಂತದಲ್ಲಿ ಬೆಲೆ ಸಿಗಬಹುದು. ಕಬ್ಬಿಣ ಫಾಸ್ಫೇಟಿನದ್ದಕ್ಕೆ ಅದೂ ಕಡಿಮೆ. ಹಾಗಾಗಿ ಮೊಬೈಲನ್ನು ಬೋರ್ಡಿಗಾಗಿ ಬಿಚ್ಚಿ, ಬ್ಯಾಟರಿಯನ್ನು ಮೂಲೆಗೆ ಎಸೆಯುವ ಸಾಧ್ಯತೆ ಜಾಸ್ತಿ. ಅಲ್ಲಿ ಕಬ್ಬಿಣದ ರಾಶಿ, ಗ್ಯಾಸ್ ಕಟರಿನ ಕಿಡಿ.

ನಿಮಗೆ ಸಿಗುವುದು ಹತ್ತಿಪ್ಪತ್ತು ರೂಪಾಯಿ. ಅವರಿಗೆ ಬರುವುದು ಅಪಾಯ. ನನ್ನ ಮಟ್ಟಿಗೆ ಲಿಥಿಯಂಗೆ ಈ ದಾರಿ ಬೇಡ. ಉಬ್ಬಿದ್ದಂತೂ ಬೇಡವೇ ಬೇಡ.

ಕೊಂಡ ಅಂಗಡಿ, ಬ್ರ್ಯಾಂಡಿನ ಸರ್ವಿಸ್ ಸೆಂಟರು

ಕಾನೂನು ನಿಮ್ಮ ಬೆನ್ನಿಗೆ ನಿಲ್ಲುವುದು ಇಲ್ಲೇ. 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮ ತಂದಿತು. ಅದಕ್ಕೂ ಮೊದಲು ಇದ್ದ 2001ರ ನಿಯಮ ಸೀಸದ ಬ್ಯಾಟರಿಗೆ ಮಾತ್ರ ಅನ್ವಯವಾಗುತ್ತಿತ್ತು. ಹೊಸದರಲ್ಲಿ ಲಿಥಿಯಂ ಸೇರಿ ಎಲ್ಲಾ ಬಗೆಯದ್ದೂ ಬಂತು. ತಯಾರಿಸುವವರು, ಆಮದು ಮಾಡುವವರು ಹಳೇ ಬ್ಯಾಟರಿ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ಹೊರಬೇಕು. ಬಳಸುವ ನಮ್ಮದೂ ಒಂದು ಕೆಲಸ ಇದೆ: ಬೇರೆ ಕಸದ ಜೊತೆ ಬೆರೆಸದೆ, ಸಂಗ್ರಹ ಅಥವಾ ಮರುಬಳಕೆ ಮಾಡುವವರಿಗೇ ಕೊಡುವುದು. ಬ್ಯಾಟರಿ ಮೇಲೆ ಗೀಟು ಹೊಡೆದ ಕಸದ ಡಬ್ಬಿಯ ಚಿತ್ರ ಇರುವುದು ಅದಕ್ಕೇ.

ಕಾಗದದ ಮಾತು ಕೌಂಟರಿನಲ್ಲಿ ಯಾವಾಗಲೂ ನಡೆಯುವುದಿಲ್ಲ, ಅದು ಬೇರೆ. ಒಂದು ಅಂಗಡಿಯಲ್ಲಿ ನನಗೆ "ನಾವು ಮಾರೋದು ಅಷ್ಟೇ ಸಾರ್" ಅಂದರು. ಜಗಳ ಮಾಡಿ ಪ್ರಯೋಜನ ಇಲ್ಲ. ಒಂದು ಉಪಾಯ ಇದೆ. ಹೊಸ ಬ್ಯಾಟರಿ ಹಾಕಿಸುವ ದಿನವೇ ಹಳೆಯದನ್ನು ಬಿಟ್ಟುಬರುವುದು. ಬ್ರ್ಯಾಂಡಿನ ಅಧಿಕೃತ ಸೆಂಟರಿನಲ್ಲಿ ಬ್ಯಾಟರಿ ಬದಲಿಸಿದರೆ ಹಳೆಯದು ಸಾಮಾನ್ಯವಾಗಿ ಅಲ್ಲೇ ಉಳಿಯುತ್ತದೆ. ರಸ್ತೆಬದಿ ರಿಪೇರಿಗಿಂತ ದುಡ್ಡು ಜಾಸ್ತಿ, ನಿಜ. ಆದರೆ ಉಬ್ಬಿದ ಮೊಬೈಲಿಗೆ, ಲ್ಯಾಪ್‌ಟಾಪಿಗೆ ನಾನು ಇದನ್ನೇ ಹೇಳುತ್ತೇನೆ. ಉಬ್ಬಿದ ಬ್ಯಾಟರಿಯನ್ನು ಬಿಚ್ಚುವ ಅಭ್ಯಾಸ, ಸಾಮಾನು ಅವರಲ್ಲಿ ಇರುತ್ತದೆ. ಹೋಗುವ ಮೊದಲು ಫೋನ್ ಮಾಡಿ, "ಉಬ್ಬಿದೆ, ತಗೊಳ್ತೀರಾ" ಅಂತ ಕೇಳಿ.

ವಿದ್ಯುತ್ ಸ್ಕೂಟರ್, ಲಿಥಿಯಂ ಇನ್ವರ್ಟರುಗಳ ದೊಡ್ಡ ಪ್ಯಾಕಿಗೆ ಡೀಲರನ್ನು ಬಿಟ್ಟರೆ ಬೇರೆ ದಾರಿ ಯೋಚಿಸಲೇಬೇಡಿ. ಮನೆಯಲ್ಲಿ ಅದರ ಮುಚ್ಚಳ ಬಿಚ್ಚುವುದೂ ಬೇಡ. ಈ ದಾರಿ ಸೋಲುವುದು ಜಾತ್ರೆ, ಸಂತೆಯಲ್ಲಿ ಕೊಂಡ ಹೆಸರಿಲ್ಲದ ಟಾರ್ಚು, ಪವರ್ ಬ್ಯಾಂಕುಗಳ ವಿಷಯದಲ್ಲಿ. ಅದಕ್ಕೆ ಸೆಂಟರೂ ಇಲ್ಲ, ಕಂಪನಿಯ ವಿಳಾಸವೂ ಇಲ್ಲ.

ಹುಬ್ಬಳ್ಳಿ, ಬೆಂಗಳೂರಿಗೆ ಹೋಗುವವರ ಕೈಯಲ್ಲಿ

ಹಾಗಾದರೆ ಆ ಅನಾಥ ಬ್ಯಾಟರಿಗಳ ಗತಿ? ನನಗೆ ಒಗ್ಗಿದ ದಾರಿ ಇದು, ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್. ಕಾರವಾರದಿಂದ 160ಕ್ಕೂ ಹೆಚ್ಚು. ಕಾರವಾರದವರಿಗೆ ಮಡಗಾಂವ ಇನ್ನೂ ಹತ್ತಿರ, 70ರ ಆಸುಪಾಸು. ಬ್ಯಾಟರಿ ಕೊಡಲಿಕ್ಕೆಂದೇ ಯಾರೂ ಅಷ್ಟು ದೂರ ಹೋಗುವುದಿಲ್ಲ, ಹೋಗಲೂಬಾರದು. ಆದರೆ ಆಸ್ಪತ್ರೆಗೆ ಹುಬ್ಬಳ್ಳಿಗೆ ಹೋಗದ ಮನೆ ಇದೆಯಾ? ಬೆಂಗಳೂರಲ್ಲಿ ಮಗನೋ, ಮಗಳೋ ಇಲ್ಲದ ಮನೆ ಇದೆಯಾ? ಹಬ್ಬಕ್ಕೆ ಬಂದವರು ವಾಪಸ್ ಹೋಗುವಾಗ ಜೋನಿ ಬೆಲ್ಲ, ಹಪ್ಪಳ, ತೊಡೆದೇವು ಕಟ್ಟಿಕೊಡುತ್ತೇವೆ. ಅದರ ಜೊತೆ ಟೇಪ್ ಸುತ್ತಿದ ನಾಲ್ಕು ಸೆಲ್ ಇರುವ ಸಣ್ಣ ಡಬ್ಬಿ. ದೊಡ್ಡ ಊರಿನಲ್ಲಿ ಇ-ಕಸ ತಗೊಳ್ಳುವ ಅಂಗಡಿ, ಸಂಸ್ಥೆ, ಅಪಾರ್ಟ್‌ಮೆಂಟಿನ ಡಬ್ಬ ಸಿಗುತ್ತದೆ. ಬ್ಯಾಟರಿ ಮರುಬಳಕೆಯ ಕಾರ್ಖಾನೆ ಇರುವುದು ಎಲ್ಲೋ ದೂರ. ಉದಾಹರಣೆಗೆ ಅಟೆರೊ ಕಂಪನಿಯದು ಉತ್ತರಾಖಂಡದ ರೂರ್ಕಿಯಲ್ಲಿ. ನಮ್ಮ ಮನೆಯಿಂದ ಅಲ್ಲಿಗೆ ಹೋಗುವಷ್ಟರಲ್ಲಿ ಎಷ್ಟು ಕೈ ಬದಲಾಗುತ್ತದೋ. ಕೈ ಕಡಿಮೆ ಆದಷ್ಟೂ ಒಳ್ಳೆಯದು.

ಆದರೆ ಈ ದಾರಿ ಮೊದಲ ಗುಂಪಿಗೆ ಮಾತ್ರ. ಉಬ್ಬಿದ, ನೆಂದ ಬ್ಯಾಟರಿಯನ್ನು ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ, ರೈಲಿನ ಸೀಟಿನಡಿ ಕಳಿಸಬೇಡಿ. ದೇವಿಮನೆ ಘಟ್ಟದ ತಿರುವಿನಲ್ಲಿ, ನಲವತ್ತು ಜನ ಮಲಗಿರುವಾಗ ಅದು ಹೊಗೆ ಬಿಟ್ಟರೆ ಯಾರು ಏನು ಮಾಡುವುದು? ಒಳ್ಳೆಯ ಸ್ಥಿತಿಯದ್ದಾದರೂ ಕಂಡಕ್ಟರಿಗೆ ಕೊಟ್ಟು ಕಳಿಸುವ ಪಾರ್ಸಲ್ ಆಗಬಾರದು. ಒಯ್ಯುವವರ ಕೈಚೀಲದಲ್ಲಿ, ಅವರಿಗೆ ಗೊತ್ತಿದ್ದು, ನಾಲ್ಕಾರು ಮಾತ್ರ ಇರಬೇಕು. ಹುಬ್ಬಳ್ಳಿಯಿಂದಲೋ ಗೋವಾದಿಂದಲೋ ವಿಮಾನ ಹತ್ತುವವರಿಗೆ ಈ ಕೆಲಸ ಹಚ್ಚಬೇಡಿ. ಕೆಟ್ಟ ಬ್ಯಾಟರಿಗೆ ವಿಮಾನದಲ್ಲಿ ಜಾಗ ಇಲ್ಲ.

ಕೊರಿಯರ್, ಅಂಚೆ ಬಗ್ಗೆಯೂ ಕೇಳುತ್ತಾರೆ. ಬಿಡಿ ಲಿಥಿಯಂ ಬ್ಯಾಟರಿ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ. "ಆಟಿಕೆ" ಅಂತ ಬರೆದು ಕಳಿಸುವುದು ಜಾಣತನ ಅಲ್ಲ.

ಒಟ್ಟಿಗೆ ಸೇರಿಸುವುದು

ಹೋಮ್‌ಸ್ಟೇ, ಶಾಲೆ, ಸಹಕಾರಿ ಸೊಸೈಟಿ, ಯುವಕ ಮಂಡಳಗಳಿಗೆ ನಾನು ಇದನ್ನು ಮೊದಲು ಹೇಳುತ್ತೇನೆ. ಒಂದು ಮನೆಯ ನಾಲ್ಕು ಸೆಲ್ಲಿಗೆ ಯಾವ ಸಂಸ್ಥೆಯೂ ಘಟ್ಟ ಇಳಿದು ಬರುವುದಿಲ್ಲ. ಹಳೇ ಕಂಪ್ಯೂಟರು, ಯುಪಿಎಸ್, ಪ್ರಿಂಟರಿನ ಜೊತೆ ಐವತ್ತು ಮನೆಯದ್ದು ಸೇರಿದರೆ ಗಾಡಿ ತರುವವರು ಸಿಗಬಹುದು. ಅಧಿಕೃತ ಪರವಾನಗಿ ಇದ್ದವರು ಯಾರು ಅಂತ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಕೇಳಬಹುದು. ಅದರ ಪ್ರಾದೇಶಿಕ ಕಚೇರಿ ಕಾರವಾರದಲ್ಲೇ ಇದೆ.

ತೊಡಕು ಏನೆಂದರೆ, ಸೇರಿಸಿದ ರಾಶಿಯೇ ಅಪಾಯ. ಒಂದು ಸೆಲ್ ಕೆಟ್ಟರೆ ಪಕ್ಕದ ಇಪ್ಪತ್ತಕ್ಕೂ ಹಬ್ಬುತ್ತದೆ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ವರ್ಷಗಟ್ಟಲೆ ತುಂಬಿಸಿ, ಅಡಕೆ ಚೀಲದ ಗೋದಾಮಿನಲ್ಲಿ ಇಟ್ಟರೆ ಕಸಕ್ಕಿಂತ ದೊಡ್ಡ ತಲೆನೋವು. ಮೊದಲು ಒಯ್ಯುವವರು ಯಾರು, ಯಾವ ದಿನ ಅಂತ ಗೊತ್ತು ಮಾಡಿ. ಆಮೇಲೆ ಒಂದು ವಾರದಲ್ಲಿ ಸಂಗ್ರಹಿಸಿ. ಉಬ್ಬಿದ್ದನ್ನು ಸೇರಿಸಬೇಡಿ.

ರಿಪೇರಿಯವರಿಗೆ ಸೆಲ್ ಕೊಡಬಹುದಾ ಅಂತಲೂ ಒಬ್ಬರು ಕೇಳಿದ್ದರು. ಲ್ಯಾಪ್‌ಟಾಪ್ ಪ್ಯಾಕಿನಲ್ಲಿ ಎಷ್ಟೋ ಸಲ ಆರರಲ್ಲಿ ಒಂದೋ ಎರಡೋ ಸೆಲ್ ಮಾತ್ರ ಕೆಟ್ಟಿರುತ್ತದೆ, ಉಳಿದವು ಟಾರ್ಚಿಗೆ ಆಗುತ್ತವೆ ಎಂಬುದು ನಿಜ. ಅಳೆದು ನೋಡಿ ಬಳಸುವ ಕೈ ನಿಮಗೆ ಚೆನ್ನಾಗಿ ಗೊತ್ತಿದ್ದರೆ ಕೊಡಿ. ಇಲ್ಲದಿದ್ದರೆ ನಿಮ್ಮ ಕೆಟ್ಟ ಸೆಲ್ ಇನ್ನೊಬ್ಬರ ದಿಂಬಿನ ಪಕ್ಕದ ಟಾರ್ಚಿಗೆ ಹೋಗುತ್ತದೆ.

ಕೊಡುವವರೆಗೆ ಎಲ್ಲಿಡುವುದು

ಯಾವ ದಾರಿ ಆರಿಸಿದರೂ ವಾರವೋ, ತಿಂಗಳೋ ಕಾಯಬೇಕು. ಡ್ರಾವರಿನಲ್ಲಿ ಇಡುವುದು ತಪ್ಪಲ್ಲ, ಬೆರೆಸಿ ಇಡುವುದು ತಪ್ಪು. ಬಿಡಿ ಸೆಲ್‌ಗಳ ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಅಂಟಿಸಿ. ಒಂದೊಂದನ್ನೂ ಬೇರೆ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹಾಕಿ. ಮೊಬೈಲಿನ ಒಳಗೇ ಕೂತ ಬ್ಯಾಟರಿಯನ್ನು ಕೀಳಲು ಹೋಗಬೇಡಿ, ಫೋನ್ ಸಮೇತ ಕೊಡಿ. ಕೊಡುವ ಮೊದಲು ಅದರೊಳಗಿನ ಫೋಟೋ, ಬ್ಯಾಂಕಿನ ಆ್ಯಪ್ ಅಳಿಸಿ. ಒಲೆ, ಗ್ಯಾಸು, ಬಿಸಿಲು ಬೀಳುವ ಕಿಟಕಿಯಿಂದ ದೂರ ಇಡಿ.

ಉಬ್ಬಿದ್ದನ್ನು ಮನೆಯೊಳಗೆ ಇಡಲೇಬೇಡಿ. ಚಾರ್ಜ್‌ಗೆ ಹಾಕಬೇಡಿ, ಒತ್ತಿ ನೋಡಬೇಡಿ, ಗಾಳಿ ಹೋಗಲಿ ಅಂತ ಸೂಜಿ ಚುಚ್ಚಬೇಡಿ. ಕಬ್ಬಿಣದ ಬಾಲ್ದಿಯಲ್ಲಿ ಒಣ ಮರಳು ಹಾಕಿ, ನಡುವೆ ಹುಗಿದು, ಮಳೆ ಬೀಳದ ಜಾಗದಲ್ಲಿ ಇಡಿ. ಹುಲ್ಲು, ಸೌದೆ, ಅಡಕೆ ಸಿಪ್ಪೆ ಹತ್ತಿರ ಇರಬಾರದು. ಮುಚ್ಚಳ ಬಿಗಿ ಮಾಡಬೇಡಿ, ಅನಿಲ ಹೊರಹೋಗಲು ಜಾಗ ಬೇಕು. ಕಡಲ ತೀರದವರಿಗೆ ಒಂದು ಮಾತು: ಸಮುದ್ರದ ಮರಳು ತರಬೇಡಿ. ಅದರಲ್ಲಿ ಉಪ್ಪು, ತೇವ ಎರಡೂ ಇರುತ್ತದೆ, ಕರೆಂಟು ಹರಿಯಲು ಅಷ್ಟೇ ಸಾಕು. ಮನೆ ಕಟ್ಟಲು ತಂದ ಮರಳನ್ನು ಒಣಗಿಸಿ ಬಳಸಿ.

ಬೈತಖೋಲದವರ ತಲೆದೀಪಕ್ಕೂ ಇದೇ ಉತ್ತರ. ಸೆಲ್ಲನ್ನು ಉಪ್ಪುನೀರಿನಲ್ಲಿ ಮುಳುಗಿಸಿಟ್ಟರೆ "ಸತ್ತು" ಸುರಕ್ಷಿತವಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ಮನೆಯಲ್ಲಿ ಅದನ್ನು ಮಾಡಬೇಡಿ. ಉಪ್ಪುನೀರು ತುದಿಗಳನ್ನು ತಿನ್ನುತ್ತದೆ, ಹೈಡ್ರೋಜನ್ ಬಿಡುತ್ತದೆ, ಒಳಗೆ ಇನ್ನೂ ಶಕ್ತಿ ಉಳಿದಿರಬಹುದು. 2022ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಇಯಾನ್ ಚಂಡಮಾರುತದ ಸಮುದ್ರದ ನೀರು ಹೊಕ್ಕ ವಿದ್ಯುತ್ ಕಾರುಗಳು ನೀರಿಳಿದು ದಿನಗಳಾದ ಮೇಲೆ ಹೊತ್ತಿಕೊಂಡವು. ದೀಪ ಒಣಗಿತು, ಮತ್ತೆ ಉರಿಯಿತು ಅಂತ ಚಾರ್ಜ್‌ಗೆ ಹಾಕುವುದು ಬೇಡ. 2019, 2021ರಲ್ಲಿ ಗಂಗಾವಳಿ ಹೊಳೆ ಮನೆಯೊಳಗೆ ಬಂದದ್ದು ಕಂಡವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ನೆರೆನೀರು ಕುಡಿದ ಇನ್ವರ್ಟರಿನದ್ದೂ ಇದೇ ಕತೆ.

ಹೊಗೆ ಬಂದರೆ, ಹಿಸ್ ಅಂತ ಸದ್ದು ಬಂದರೆ ಮೊದಲು ಜನ ಹೊರಗೆ. ಚಾರ್ಜರ್ ಸಿಕ್ಕಿಸಿದ್ದರೆ ಮೇನ್ ಆಫ್ ಮಾಡಿ. ಸಣ್ಣ ಸಾಧನವಾದರೆ ದೂರದಿಂದ ಧಾರಾಳ ನೀರು ಸುರಿದು ತಣಿಸಬಹುದು, ಒಂದು ಚೊಂಬಿನಿಂದ ಆಗುವುದಿಲ್ಲ. ಆರಿದಂತೆ ಕಂಡದ್ದು ಮತ್ತೆ ಹೊತ್ತಬಹುದು. ದೊಡ್ಡದಾದರೆ 112ಕ್ಕೆ ಫೋನ್ ಮಾಡಿ, ಹತ್ತಿರ ಹೋಗಬೇಡಿ.

ಈಗ ಕೇಳಿದವರ ಕಡೆ

ಶಿರಸಿಯವರು ಮೊಬೈಲು, ಟಾರ್ಚುಗಳಿಗೆ ಟೇಪ್ ಸುತ್ತಿ ಬೆಂಗಳೂರಿನ ಚೀಲಕ್ಕೆ ಹಾಕಲಿ. ನಾಲ್ಕರಲ್ಲಿ ಎರಡು ಟಾರ್ಚು ಸೀಸದ್ದೇ ಇರಬಹುದು, ಮೈಮೇಲೆ ನೋಡಿ. ಉಬ್ಬಿದ ಪವರ್ ಬ್ಯಾಂಕಿಗೆ ಬ್ರ್ಯಾಂಡ್ ಇದ್ದರೆ ಸೆಂಟರು. ಇಲ್ಲದಿದ್ದರೆ ಮರಳಿನ ಡಬ್ಬಿಯಲ್ಲಿ, ಸ್ವಂತ ಗಾಡಿಯಲ್ಲಿ, ನಗರಸಭೆಯ ಘಟಕಕ್ಕೆ ಹೇಳಿಯೇ ಒಯ್ಯುವುದು. ಸ್ಕೂಟರಿನ ಸೀಟಿನಡಿ ಮಾತ್ರ ಇಡಬೇಡಿ. 20,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ 74 ವ್ಯಾಟ್-ಅವರ್ ಶಕ್ತಿ ಹಿಡಿಯುತ್ತದೆ, ಒಂದು ಮೊಬೈಲಿನ ನಾಲ್ಕು ಪಟ್ಟು. ನೀವು ಕೂತಿರುವುದು ಅದರ ಮೇಲೆ.

ಬೈತಖೋಲದವರು ಒಬ್ಬರೇ ಓಡಾಡುವ ಬದಲು ಪಕ್ಕದ ದೋಣಿಯವರನ್ನೂ ಕೇಳಲಿ. ನೆಂದ ತಲೆದೀಪ ಅವರೊಬ್ಬರದೇ ಇರಲಾರದು. ನಗರಸಭೆ, ಮಾಲಿನ್ಯ ಮಂಡಳಿಯ ಕಚೇರಿ ಎರಡೂ ಅದೇ ಊರಿನಲ್ಲಿರುವುದು ಅವರಿಗಿರುವ ಅನುಕೂಲ. ಕುಮಟಾದವರು ಬುಟ್ಟಿಯನ್ನು ಇವತ್ತೇ ವಿಂಗಡಿಸಲಿ, ಉಳಿದದ್ದು ನಿಧಾನ ಆಗಬಹುದು.

ನಮ್ಮ ಮನೆಯ ಲೆಕ್ಕ ಹೇಳುವುದಾದರೆ, ಅಕ್ಕನ ಮಗ ಹಬ್ಬ ಮುಗಿಸಿ ಹೊರಟಾಗ ಏಳು ಸೆಲ್ ಹೋದವು. ಒಂದು ಉಬ್ಬಿದ ಫೋನು ಜಗಲಿಯ ತುದಿಯಲ್ಲಿ ಮರಳಿನ ಬಾಲ್ದಿಯೊಳಗಿದೆ. ಸೋಮವಾರ ಪೇಟೆಗೆ ಹೋಗುವುದಿದೆ. ಸೆಂಟರಿನವರು ಫೋನಿನಲ್ಲಿ "ತನ್ನಿ" ಅಂದಿದ್ದಾರೆ. ಅಲ್ಲಿಯವರೆಗೆ ಬಾಲ್ದಿಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಿಟ್ಟಿದ್ದೇನೆ: "ಬಚ್ಚಲ ಒಲೆಗೆ ಅಲ್ಲ."